ಹೊರದೂಡುವ ಪೊರೆ

ಮಳೆಗಾಲ ಕಾಲಿಟ್ಟು ನಲ್ಲಿಯ ನೀರಿಗೆ ಕೆಸರಿನ ಬಣ್ಣವೇರುವ ದಿನಗಳಲ್ಲಿ, ಬೆಂಗಳೂರಿನ ದಕ್ಷಿಣದಂಚಿನ ಚಿಕ್ಕಲಸಂದ್ರದಲ್ಲಾಗಲಿ, ಅದಕ್ಕೆ ಹೊಂದಿಕೊಂಡಂತಿರುವ ಇಟ್ಟಮಡು, ಉತ್ತರಹಳ್ಳಿ, ಪದ್ಮನಾಭನಗರಗಳಲ್ಲಾಗಲಿ, ಮನೆಯೊಳಗೆ ಒಬ್ಬರಿಗೆ ಜ್ವರ ಹತ್ತಿ ಮೂರು ದಿನವಾದರೂ ಇಳಿಯದೆ ಹೋಯಿತೆಂದರೆ, ಡೆಂಗಿಯೋ ಟೈಫಾಯ್ಡೋ ಎಂಬ ಅಂಜಿಕೆ ಮನೆಮಂದಿಯನ್ನೆಲ್ಲ ಹಿಡಿಯುತ್ತದೆ. ವೈದ್ಯರ ಬಳಿಗೆ ಹೋಗುವುದಕ್ಕೆ ಮುಂಚೆಯೇ ಯಾರಾದರೊಬ್ಬರು ಬೀದಿಯ ತಿರುವಿನಲ್ಲಿರುವ ಮೆಡಿಕಲ್ ಸ್ಟೋರಿಗೆ ಹೋಗಿ ಅಜಿತ್ರೋಮೈಸಿನ್ ಮಾತ್ರೆಗಳ ಪಟ್ಟಿಯೊಂದನ್ನು ಕೊಂಡುತರುವುದೂ ಉಂಟು. ಕೋವಿಡ್ ಹಾವಳಿಯ ವರ್ಷಗಳಲ್ಲಿ ಈ ಹೆಸರು ದೇಶದ ಮನೆಮನೆಗೂ ಪರಿಚಿತವಾಯಿತು. ವೈರಸ್ಸಿನ ಮೇಲೆ ಯಾವ ಪ್ರಭಾವವನ್ನೂ ಬೀರಲಾರದ ಆ ಔಷಧಿಯನ್ನು ಜನ ಆಗ ಅಪರಿಮಿತವಾಗಿ ನುಂಗಿದರು. ನುಂಗಿದ ಮಾತ್ರೆ ರಕ್ತದಲ್ಲಿ ಕರಗಿ ರೋಗಾಣುವಿನ ಸಮೀಪವನ್ನು ಮುಟ್ಟಿದ ಮೇಲೆ ಏನಾಗುತ್ತದೆ, ಅದು ಒಳಹೊಕ್ಕು ತನ್ನ ಕೆಲಸವನ್ನು ನೆರವೇರಿಸಬಲ್ಲುದೆ, ಅಥವಾ ಹೊಕ್ಕ ದಾರಿಯಲ್ಲೇ ಹಿಂದಕ್ಕೆ ನೂಕಲ್ಪಡುತ್ತದೆಯೆ ಎಂಬ ಪ್ರಶ್ನೆಯೇ ಈ ಅಧ್ಯಾಯದ ವಿಷಯ.

ಪ್ರತಿಜೀವಕಗಳಿಗೆ ರೋಗಾಣುಗಳು ಮಣಿಯದಿರುವುದಕ್ಕೆ ಕಾರಣಗಳು ಹಲವು. ಪೆನಿಸಿಲಿನ್ನಿನಂಥ ಔಷಧಿಯನ್ನು ಕಿಣ್ವದಿಂದ ಕತ್ತರಿಸಿಹಾಕುವುದು ಒಂದು ಬಗೆ. ಔಷಧಿ ಅಂಟಿಕೊಳ್ಳತಕ್ಕ ಗುರಿಯನ್ನೇ ತುಸು ಮಾರ್ಪಡಿಸಿಕೊಳ್ಳುವುದು ಇನ್ನೊಂದು ಬಗೆ. ಇವೆರಡೂ ಸಾಕಷ್ಟು ಪ್ರಸಿದ್ಧವಾಗಿವೆ. ಇವೆರಡರ ಜೊತೆಗೆ ಪ್ರಾಚೀನವೂ ಸರ್ವವ್ಯಾಪಿಯೂ ಆದ ಮೂರನೆಯ ಬಗೆಯೊಂದುಂಟು. ಅದು ಜೀವಕೋಶವನ್ನು ಆವರಿಸಿರುವ ಪೊರೆಯಲ್ಲಿ ಅಡಗಿದೆ. ಹೊರಗಿನ ವಸ್ತುಗಳನ್ನು ಒಳಕ್ಕೂ ಒಳಗಿನವನ್ನು ಹೊರಕ್ಕೂ ಸಾಗಿಸುವ ಪ್ರೋಟೀನುಗಳು ಆ ಪೊರೆಯಲ್ಲಿ ನಾಟಿಕೊಂಡಿವೆ. ಆಹಾರವನ್ನು ತರುವ, ಕಲ್ಮಷವನ್ನು ಕಳೆಯುವ ಈ ಸಾಗಣೆಯ ವ್ಯವಸ್ಥೆಯೇ ನಮ್ಮ ಔಷಧಿಗಳಿಗೆ ಎದುರಾಗಿ ನಿಂತಿರುವ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು.

ಟೈಫಾಯ್ಡನ್ನುಂಟುಮಾಡುವ ಸಾಲ್ಮೊನೆಲ್ಲಾ ಟೈಫಿ ಎಂಬ ಏಕಾಣುಜೀವಿಯೂ, ಅದರ ಹತ್ತಿರದ ಬಂಧುವಾಗಿ ನಮ್ಮೆಲ್ಲರ ಕರುಳಿನಲ್ಲಿ ನೆಲಸಿರುವ ಇ. ಕೊಲೈ ಎಂಬುದೂ ಮಿಲಿಮೀಟರಿನ ಸುಮಾರು ಐನೂರರಲ್ಲೊಂದು ಪಾಲಿನಷ್ಟು ಉದ್ದದ ಜೀವಿಗಳು. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ಬಣ್ಣದ ಪರೀಕ್ಷೆಯಲ್ಲಿ ನೇರಿಳೆಯ ಬಣ್ಣವನ್ನು ಉಳಿಸಿಕೊಳ್ಳದ ಗುಂಪಿಗೆ, ಎಂದರೆ ಗ್ರಾಮ್ ನೆಗೆಟಿವ್ ಎಂಬ ವರ್ಗಕ್ಕೆ, ಇವು ಸೇರುತ್ತವೆ. ಈ ವರ್ಗದ ವೈಶಿಷ್ಟ್ಯವೆಂದರೆ ಇವುಗಳಿಗೆ ಒಂದರ ಹೊರಗೊಂದರಂತೆ ಎರಡು ಪೊರೆಗಳಿರುವುದು. ಒಳಪೊರೆ ಎಲ್ಲ ಜೀವಕೋಶಗಳಿಗೂ ಇರುವಂಥ ಮೇದಸ್ಸಿನ ಪೊರೆ. ಹೊರಪೊರೆಯ ಮೇಲ್ಮೈಯಾದರೋ ಮೇದಸ್ಸಿಗೆ ಸಕ್ಕರೆಯ ಸರಪಳಿಗಳನ್ನು ಜೋಡಿಸಿದ ದಟ್ಟವಾದ ಲೇಪನ, ಮೆಗ್ನೀಸಿಯಂ ಅಯಾನುಗಳಿಂದ ಬಿಗಿಗೊಂಡದ್ದು. ಆ ಬಿಗಿಯ ಮೂಲಕ ಸಾಮಾನ್ಯ ವಸ್ತು ಯಾವುದೂ ಸುಲಭವಾಗಿ ನುಸುಳಲಾರದು.

ಹಾಗಾದರೆ ಆಹಾರವಾದರೂ ಒಳಕ್ಕೆ ಹೋಗುವ ದಾರಿ ಯಾವುದು? 1976ರಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ಹಿರೋಶಿ ನಿಕೈಡೊ ಅವರ ಬಳಗವೂ ತೈಜಿ ನಕಾಯೆ ಅವರೂ ಹೊರಪೊರೆಯನ್ನು ತೂರಿಕೊಂಡು ನಿಂತ, ನೀರು ತುಂಬಿದ ಸೂಕ್ಷ್ಮ ರಂಧ್ರಗಳನ್ನುಳ್ಳ ಪ್ರೋಟೀನುಗಳನ್ನು ಗುರುತಿಸಿದರು. ಅವುಗಳಿಗೆ ಪೋರಿನ್ ಎಂದು ಹೆಸರಾಯಿತು. ಹದಿನಾರು ಪ್ರೋಟೀನ್ ಎಳೆಗಳು ಸುತ್ತುಗಟ್ಟಿ ನಿಂತು ಒಂದು ಕೊಳವೆಯಾಗುತ್ತವೆ, ಅಂಥ ಮೂರು ಕೊಳವೆಗಳು ಕೂಡಿ ಒಂದು ಪೋರಿನ್ ಆಗುತ್ತದೆ. ಕೊಳವೆಯ ನಡುಭಾಗ ಕಿರಿದಾಗಿರುವುದರಿಂದ ಸುಮಾರು 600 ಡಾಲ್ಟನ್ನಿಗೆ ಮೀರಿದ ಅಣುಭಾರದ ವಸ್ತುಗಳು ಅದರ ಮೂಲಕ ಹಾಯಲಾರವು. ಗ್ರಾಮ್ ಪರೀಕ್ಷೆಯಲ್ಲಿ ಬಣ್ಣವನ್ನು ಉಳಿಸಿಕೊಳ್ಳುವ ಗ್ರಾಮ್ ಪಾಸಿಟಿವ್ ರೋಗಾಣುಗಳ ವಿಷಯದಲ್ಲಿ ಅಮೋಘವೆನ್ನಿಸುವ ವ್ಯಾಂಕೊಮೈಸಿನ್ ಸುಮಾರು 1,450 ಡಾಲ್ಟನ್ನಿನ ಅಣು. ಆದ್ದರಿಂದಲೇ ಅದು ಟೈಫಾಯ್ಡಿನ ರೋಗಾಣುವನ್ನು ಮುಟ್ಟಲಾರದು. ಅಜಿತ್ರೋಮೈಸಿನ್ನಿನ ಅಣುಭಾರ 749. ಅದೂ ಪೋರಿನ್ನಿನ ಮೂಲಕ ಸರಾಗವಾಗಿ ಹಾಯಲಾರದು. ತನ್ನಲ್ಲಿರುವ ಎರಡು ಧನ ವಿದ್ಯುದಾವೇಶಗಳ ಬಲದಿಂದ ಹೊರಪೊರೆಯ ಮೆಗ್ನೀಸಿಯಂ ಬಿಗಿಯನ್ನು ಸಡಿಲಿಸಿ, ನಿಧಾನವಾಗಿ ಒಳಕ್ಕೆ ಬಸಿಯುತ್ತದೆ. ನಿಧಾನವಾಗಿ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಆ ನಿಧಾನವನ್ನೇ ಅವಲಂಬಿಸಿದೆ.

ಪೋರಿನ್ನನ್ನು ಕಡಿಮೆಮಾಡಿಕೊಂಡು ಔಷಧಿಯನ್ನು ತಡೆಯುವುದು ರೋಗಾಣುಗಳಿಗೆ ಸಾಧ್ಯವಾದ ಉಪಾಯವೇ ಸರಿ. ಆಸ್ಪತ್ರೆಗಳಲ್ಲಿ ಗಾಯಗಳನ್ನೂ ಶ್ವಾಸಕೋಶಗಳನ್ನೂ ಬಾಧಿಸುವ ಸ್ಯೂಡೊಮೋನಾಸ್ ತನ್ನ ಓಪಿಆರ್‌ಡಿ ಎಂಬ ಪೋರಿನ್ನನ್ನು ಕಳೆದುಕೊಂಡು ಇಮಿಪೆನೆಮ್‌ನಂಥ ಪ್ರಬಲ ಔಷಧಿಯಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ರಂಧ್ರವನ್ನು ಪೂರ್ತಿಯಾಗಿ ಮುಚ್ಚಿದರೆ ಆಹಾರವೂ ಬಾರದು. ಬರುವುದು ಬಂದೇ ತೀರುವುದಾದ ಮೇಲೆ, ಬಂದುದನ್ನು ಹೊರಕ್ಕೆ ಹಾಕುವ ಏರ್ಪಾಡೇ ನಿಜವಾದ ರಕ್ಷಣೆ. ಹೊಸದಾಗಿ ಕಟ್ಟಿದ ಬಹುಮಹಡಿಯ ಮನೆಗಳ ನೆಲಮಾಳಿಗೆಗೆ ಮಳೆಗಾಲದಲ್ಲಿ ಗೋಡೆಯ ಬಿರುಕುಗಳಿಂದ ನೀರು ಒಸರಿ ಬರುವುದನ್ನೂ, ಕಾವಲಿನವನು ಮೋಟಾರು ಹಚ್ಚಿ ಅದನ್ನು ಬೀದಿಯ ಚರಂಡಿಗೆ ಎತ್ತಿಹಾಕುವುದನ್ನೂ ನೋಡದ ಬೆಂಗಳೂರಿಗರು ವಿರಳ. ನೆಲದ ಮೇಲೆ ನಿಲ್ಲುವ ನೀರಿನ ಮಟ್ಟ ಒಸರುವಿಕೆಯಿಂದ ಮಾತ್ರ ನಿರ್ಣಯವಾಗುವುದಿಲ್ಲ, ಮೋಟಾರಿನ ಶಕ್ತಿಯಿಂದಲೂ ನಿರ್ಣಯವಾಗುತ್ತದೆ. ಒಸರುವುದು ನಿಧಾನವಾಗಿದ್ದರೆ ಸಣ್ಣ ಮೋಟಾರೂ ನೆಲವನ್ನು ಒಣಗಿಸಬಲ್ಲುದು. ಜೀವಕೋಶದೊಳಗಣ ಔಷಧಿಯ ಸಾಂದ್ರತೆಯೂ ಅಷ್ಟೆ.

ಇಂಥ ಪಂಪು ಇದೆಯೆಂಬುದು ಸ್ಪಷ್ಟವಾಗಿ ಗೊತ್ತಾದುದು 1980ರಲ್ಲಿ. ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲೆವಿ, ಲಾರಾ ಮೆಕ್‌ಮರಿ ಮತ್ತು ಅವರ ಸಂಗಡಿಗರು, ಟೆಟ್ರಾಸೈಕ್ಲಿನ್ನಿಗೆ ಮಣಿಯದ ಇ. ಕೊಲೈ ಆ ಔಷಧಿಯನ್ನು ಕೆಡಿಸುವುದೂ ಇಲ್ಲ, ಅದರ ಗುರಿಯನ್ನು ಬದಲಿಸುವುದೂ ಇಲ್ಲ, ಶಕ್ತಿಯನ್ನು ವ್ಯಯಿಸಿ ಅದನ್ನು ಹೊರಕ್ಕೆ ತಳ್ಳುತ್ತಿದೆ ಎಂದು ತೋರಿಸಿದರು. ಲೆವಿ ಅವರು ಇದಕ್ಕೆ ಕೆಲವು ವರ್ಷ ಮುಂಚೆ, ಟೆಟ್ರಾಸೈಕ್ಲಿನ್ ಬೆರೆಸಿದ ಮೇವನ್ನು ಕೋಳಿಗಳಿಗೆ ಹಾಕಿ, ಮಣಿಯದ ರೋಗಾಣುಗಳು ಕೋಳಿಗಳಿಂದ ಅವನ್ನು ಸಾಕುವ ಮನೆಯವರ ಕರುಳಿಗೂ ದಾಟುತ್ತವೆಂದು ತೋರಿಸಿದ್ದರು. ಪ್ರಯೋಗಶಾಲೆಯ ಶೋಧವನ್ನೂ ಜನಜೀವನದ ಹಿತವನ್ನೂ ಜೊತೆಯಾಗಿ ಕಂಡ ಇಂಥ ವಿಜ್ಞಾನಿಗಳು ಎಲ್ಲ ಕಾಲಕ್ಕೂ ಗೌರವಾರ್ಹರು.

ಟೆಟ್ರಾಸೈಕ್ಲಿನ್ನಿನ ಆ ಪಂಪು ಒಂದೇ ಬಗೆಯ ಔಷಧಿಯನ್ನು ಬಲ್ಲುದು. ನಮ್ಮ ಕಥೆಯ ನಾಯಕಸ್ಥಾನದಲ್ಲಿರುವುದು ಇನ್ನೊಂದು. ಎಸಿಆರ್‌ಎ, ಎಸಿಆರ್‌ಬಿ, ಟಾಲ್‌ಸಿ ಎಂಬ ಮೂರು ಪ್ರೋಟೀನುಗಳು ಕೂಡಿ ಆದ ಸಂಯುಕ್ತ ಯಂತ್ರ. ಇದರ ಟಾಲ್‌ಸಿ ಎಂಬ ಹೊರಗಣ ಕೊಳವೆಯ ರಚನೆಯನ್ನು 2000ದಲ್ಲಿ ಕೇಂಬ್ರಿಜ್ಜಿನ ವಾಸಿಲಿಸ್ ಕೊರೊನಾಕಿಸ್ ಬಳಗವೂ, ಒಳಪೊರೆಯಲ್ಲಿ ನಾಟಿದ ಎಸಿಆರ್‌ಬಿಯ ರಚನೆಯನ್ನು 2002ರಲ್ಲಿ ಜಪಾನಿನ ಸತೋಶಿ ಮುರಕಾಮಿ, ಅಕಿಹಿತೊ ಯಮಗುಚಿ ಮೊದಲಾದವರೂ ಕ್ಷಕಿರಣಗಳ ನೆರವಿನಿಂದ ಬಿಡಿಸಿ ತೋರಿಸಿದರು. ಒಂದೊಂದು ಎಸಿಆರ್‌ಬಿ 1,049 ಅಮೈನೊ ಆಮ್ಲಗಳ ಸರಪಳಿ. ಅಂಥ ಮೂರು ಸರಪಳಿಗಳು ಒಂದನ್ನೊಂದು ಒರಗಿ ನಿಲ್ಲುತ್ತವೆ. 2006ರಲ್ಲಿ ಬಂದ ಇನ್ನಷ್ಟು ಸೂಕ್ಷ್ಮವಾದ ಚಿತ್ರಗಳಲ್ಲಿ ಈ ಮೂರೂ ಒಂದೇ ಭಂಗಿಯಲ್ಲಿಲ್ಲವೆಂಬುದು ಕಂಡುಬಂದಿತು: ಒಂದು ಔಷಧಿಯನ್ನು ಬರಮಾಡಿಕೊಳ್ಳುವ ಭಂಗಿಯಲ್ಲಿದ್ದರೆ, ಇನ್ನೊಂದು ಅದನ್ನು ಬಿಗಿಹಿಡಿದ ಭಂಗಿಯಲ್ಲಿಯೂ ಮತ್ತೊಂದು ಹೊರಕ್ಕೆ ಬಿಟ್ಟುಕೊಡುವ ಭಂಗಿಯಲ್ಲಿಯೂ ಇತ್ತು, ಸರದಿಯಂತೆ ಈ ಮೂರು ಭಂಗಿಗಳೂ ಮೂರು ಸರಪಳಿಗಳಲ್ಲಿ ಸುತ್ತುತ್ತವೆ. ಇದಕ್ಕೆ ಬೇಕಾದ ಶಕ್ತಿ ದೊರೆಯುವುದು ಪೊರೆಯ ಹೊರಗೆ ಸಾಂದ್ರವಾಗಿರುವ ಪ್ರೋಟಾನುಗಳು ಒಳಕ್ಕೆ ಹರಿಯುವ ರಭಸದಿಂದ. ಹಿಡಿಯಲ್ಪಟ್ಟ ಔಷಧಿ ಒಳಪೊರೆಯ ಹೊರಗಣ ಅವಕಾಶದಲ್ಲಿಯೂ ನಿಲ್ಲದೆ, ಸುಮಾರು 14 ನ್ಯಾನೊಮೀಟರು ಉದ್ದದ ಟಾಲ್‌ಸಿ ಕೊಳವೆಯ ಮೂಲಕ ಹೊರಪೊರೆಯನ್ನೂ ದಾಟಿ ಬಯಲಿಗೆ ಬೀಳುತ್ತದೆ. ಮತ್ತೆ ಒಳಗೆ ಬರಬೇಕಾದರೆ ಅದು ಆ ಬಿಗಿಯಾದ ಹೊರಪೊರೆಯನ್ನು ಮೊದಲಿನಿಂದ ಹಾಯಬೇಕು.

ಈ ಯಂತ್ರದ ಅತ್ಯಾಶ್ಚರ್ಯಕರ ಗುಣವೆಂದರೆ ಅದರ ಔದಾರ್ಯ. ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಸಿಪ್ರೊಫ್ಲಾಕ್ಸಸಿನ್, ಎರಿತ್ರೊಮೈಸಿನ್, ಬಣ್ಣಗಳು, ಸಾಬೂನಿನಂಥ ಮಾರ್ಜಕಗಳು, ಹೀಗೆ ರಚನೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ವಸ್ತುಗಳನ್ನೆಲ್ಲ ಅದು ಹಿಡಿದು ಹೊರಹಾಕುತ್ತದೆ. ಮನುಷ್ಯ ಪ್ರತಿಜೀವಕಗಳನ್ನು ಮಾತ್ರೆಯಾಗಿ ನುಂಗತೊಡಗಿ ಇನ್ನೂ ನೂರು ವರ್ಷವಾಗಿಲ್ಲ. ಈ ಯಂತ್ರವಾದರೋ ಅದಕ್ಕಿಂತ ಎಣಿಸಲಾರದಷ್ಟು ಹಳೆಯದು. ಹಾಗಾದರೆ ಅದು ಯಾವುದಕ್ಕಾಗಿ ಹುಟ್ಟಿತು? ಕರುಳಿನಲ್ಲಿ ಬಾಳಬೇಕಾದ ಜೀವಿಗೆ ದಿನನಿತ್ಯದ ಶತ್ರು ಪಿತ್ತರಸ. ನಾವು ತಿಂದ ಜಿಡ್ಡನ್ನು ಕರಗಿಸುವ ಪಿತ್ತಲವಣಗಳು ರೋಗಾಣುವಿನ ಪೊರೆಯನ್ನೂ ಕರಗಿಸಬಲ್ಲವು. ಈ ಪಂಪನ್ನು ಕಳೆದುಕೊಂಡ ಸಾಲ್ಮೊನೆಲ್ಲಾ ಪಿತ್ತದೆದುರು ನಿಲ್ಲಲಾರದು. ಟೈಫಾಯ್ಡು ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿಯೇ ಆ ರೋಗಾಣು ವರ್ಷಗಟ್ಟಲೆ ನೆಲೆಯೂರಿ, ಅವರಿಗರಿಯದಂತೆ ಇತರರಿಗೆ ಹರಡುವುದನ್ನು ಬಲ್ಲವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ. ನಮ್ಮ ಔಷಧಿಯನ್ನು ಹೊರನೂಕುವ ಸಾಮರ್ಥ್ಯವು ನಮ್ಮ ಪಿತ್ತವನ್ನು ತಾಳಿಕೊಳ್ಳುವ ಸಾಮರ್ಥ್ಯದಿಂದಲೇ ಬಂದಿದೆ.

ಯಂತ್ರವಿದ್ದ ಮಾತ್ರಕ್ಕೆ ಅದು ಸದಾ ಪೂರ್ಣವೇಗದಲ್ಲಿರಬೇಕಾಗಿಲ್ಲ. ಅಪಾಯದ ಸೂಚನೆ ದೊರೆತಾಗ ಅದರ ಸಂಖ್ಯೆಯನ್ನು ಹೆಚ್ಚಿಸುವ ನಿಯಂತ್ರಕಗಳು ಜೀವಕೋಶದಲ್ಲಿವೆ. 1985ರಲ್ಲಿ ಜುಡಾ ರೋಸ್ನರ್ ಎಂಬ ಅಮೆರಿಕದ ವಿಜ್ಞಾನಿ, ಆಸ್ಪಿರಿನ್ನಿನ ವರ್ಗಕ್ಕೆ ಸೇರಿದ ಸ್ಯಾಲಿಸಿಲೇಟನ್ನು ಬೆರೆಸಿ ಬೆಳೆಸಿದ ಇ. ಕೊಲೈ ಏಕಕಾಲಕ್ಕೆ ಅನೇಕ ಪ್ರತಿಜೀವಕಗಳನ್ನು ತಾಳಿಕೊಳ್ಳುವುದನ್ನು ಕಂಡರು. ಆಸ್ಪಿರಿನ್ ನುಂಗಿದವರಿಗೆಲ್ಲ ಔಷಧಿ ನಾಟುವುದಿಲ್ಲವೆಂದು ಇದರಿಂದ ತಿಳಿಯಕೂಡದು. ಪ್ರಯೋಗದಲ್ಲಿದ್ದ ಪರಿಸ್ಥಿತಿ ಬೇರೆ. ಆದರೆ ಒಳಗೆ ನಡೆದುದೇನೆಂಬುದು ಆಮೇಲೆ ಬಯಲಾದಾಗ ಅದರ ಚಾತುರ್ಯ ಬೆರಗುಗೊಳಿಸಿತು. ಮಾರ್-ಎ ಎಂಬ ಒಂದೇ ನಿಯಂತ್ರಕ ಎದ್ದುನಿಂತು ಪಂಪುಗಳ ಸಂಖ್ಯೆಯನ್ನು ಏರಿಸುತ್ತದೆ, ಅದೇ ವೇಳೆಗೆ ಅಗಲವಾದ ಪೋರಿನ್ನುಗಳ ಉತ್ಪಾದನೆಯನ್ನು ತಗ್ಗಿಸುತ್ತದೆ. ಬರುವುದು ಕಡಿಮೆ, ಹೋಗುವುದು ಹೆಚ್ಚು.

ಇಷ್ಟನ್ನು ತಿಳಿದ ಮೇಲೆ ಅಜಿತ್ರೋಮೈಸಿನ್ನಿನ ಮಾತಿಗೆ ಹಿಂದಿರುಗೋಣ. ಟೈಫಾಯ್ಡಿಗೆ ಒಂದು ಕಾಲದಲ್ಲಿ ಕ್ಲೋರಾಂಫೆನಿಕಾಲ್ ರಾಮಬಾಣವಾಗಿತ್ತು. ಅದು ವಿಫಲವಾದ ಮೇಲೆ ಸಿಪ್ರೊಫ್ಲಾಕ್ಸಸಿನ್ ಬಂದಿತು. ನಮ್ಮ ದೇಶದಲ್ಲಿ ಅದೂ ಬಹುಪಾಲು ನಿಷ್ಫಲವಾಯಿತು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ತಲೆದೋರಿದ ತಳಿಯೊಂದು ಸೂಜಿಯ ಮೂಲಕ ಕೊಡುವ ಸೆಫ್ಟ್ರಿಯಾಕ್ಸೋನನ್ನೂ ಲೆಕ್ಕಿಸಲಿಲ್ಲ. ಬಾಯಿಯ ಮೂಲಕ ಕೊಡಬಹುದಾದ ನಂಬಿಕೆಯ ಔಷಧಿಯೆಂದು ಉಳಿದದ್ದು ಮುಖ್ಯವಾಗಿ ಅಜಿತ್ರೋಮೈಸಿನ್ ಒಂದೇ. ಢಾಕಾದ ಚೈಲ್ಡ್ ಹೆಲ್ತ್ ರಿಸರ್ಚ್ ಫೌಂಡೇಶನ್ನಿನ ವಿಜ್ಞಾನಿಗಳು 2009ರಿಂದ 2016ರವರೆಗೆ ಸಂಗ್ರಹಿಸಿದ 1,082 ಟೈಫಾಯ್ಡ್ ಮತ್ತು ಪ್ಯಾರಾಟೈಫಾಯ್ಡ್ ರೋಗಾಣುಗಳನ್ನು ಪರೀಕ್ಷಿಸಿ, ಅವುಗಳಲ್ಲಿ 13 ಅಜಿತ್ರೋಮೈಸಿನ್ನಿಗೆ ಮಣಿಯುವುದಿಲ್ಲವೆಂದು 2019ರಲ್ಲಿ ಪ್ರಕಟಿಸಿದರು. ಕಾರಣವನ್ನು ಹುಡುಕಿದಾಗ ಸಿಕ್ಕಿದುದು ಹೊಸ ಕಿಣ್ವವಲ್ಲ, ಹೊರಗಿನಿಂದ ಬಂದ ಜೀನೂ ಅಲ್ಲ. ಎಸಿಆರ್‌ಬಿಯ 1,049 ಅಮೈನೊ ಆಮ್ಲಗಳ ಪೈಕಿ 717ನೆಯ ಸ್ಥಾನದಲ್ಲಿ ಆದ ಒಂದೇ ಒಂದು ಪಲ್ಲಟ. ಔಷಧಿಯನ್ನು ಮೊದಲು ಬರಮಾಡಿಕೊಳ್ಳುವ ಸಂಪುಟದಲ್ಲಿರುವ ಆ ಸ್ಥಾನದಲ್ಲಿ ಧನಾವೇಶವುಳ್ಳ ಆರ್ಜಿನೀನ್ ಹೋಗಿ ಆವೇಶವಿಲ್ಲದ ಗ್ಲುಟಮಿನ್ ಅಥವಾ ಲ್ಯೂಸೀನ್ ಬಂದಿತ್ತು. ಕೋಟ್ಯಂತರ ವರ್ಷಗಳಿಂದ ಪಿತ್ತವನ್ನು ಹೊರಹಾಕುತ್ತ ಬಂದ ಯಂತ್ರ ಅಷ್ಟರಿಂದಲೇ ಅಜಿತ್ರೋಮೈಸಿನ್ನನ್ನು ಹೊರಹಾಕುವುದರಲ್ಲಿ ಸಮರ್ಥವಾಯಿತು. ಇದೇ ಸ್ಥಾನದ ಪಲ್ಲಟಗಳು ಆಮೇಲೆ ಉತ್ತರ ಭಾರತದ ರೋಗಿಗಳಿಂದ ತೆಗೆದ ರೋಗಾಣುಗಳಲ್ಲಿಯೂ ಕಂಡುಬಂದವು. ಅವು ಅಲ್ಲಿ ತಾವಾಗಿಯೇ, ಬೇರೆಬೇರೆ ವಂಶಗಳಲ್ಲಿ, ಹುಟ್ಟಿಕೊಂಡಂಥವು. ಸಂಖ್ಯೆ ಇಂದಿಗೂ ದೊಡ್ಡದಲ್ಲ. ಆದರೆ ಒಂದು ಅಕ್ಷರದ ಬದಲಾವಣೆ ಮಾತ್ರ ಸಾಕಾಗುವ ಕಡೆ, ಔಷಧಿಯ ಬಳಕೆ ಹೆಚ್ಚಿದಷ್ಟೂ ಅಂಥ ಬದಲಾವಣೆಗೆ ಮೇಲುಗೈಯಾಗುವುದು ಅನಿವಾರ್ಯ. ನೆಗಡಿಗೆಂದು, ಗಂಟಲು ಕೆರೆತಕ್ಕೆಂದು, ವೈರಸ್ ಜ್ವರಕ್ಕೆಂದು ನುಂಗಿದ ಪ್ರತಿಯೊಂದು ಅಜಿತ್ರೋಮೈಸಿನ್ ಮಾತ್ರೆಯೂ ಕರುಳಿನಲ್ಲಿರುವ ಅಸಂಖ್ಯಾತ ಜೀವಿಗಳ ನಡುವೆ ಆ ಆಯ್ಕೆಯನ್ನು ನಡೆಸುತ್ತದೆ.

ಈ ಪಂಪು ಸಾಮಾನ್ಯವಾಗಿ ತಾನೊಂದೇ ಔಷಧಿಯನ್ನು ಪೂರ್ತಿಯಾಗಿ ಸೋಲಿಸುವುದಿಲ್ಲ, ಅದು ಕೊಡುವ ರಕ್ಷಣೆ ಅಲ್ಪವೆಂದು ಬಹುಕಾಲ ಎಣಿಸಲಾಗಿತ್ತು. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ಮರ್ಮವಿರುವುದು ಇಲ್ಲಿಯೇ: ಪಂಪು ದೊರಕಿಸಿಕೊಡುವುದು ವಿಜಯವನ್ನಲ್ಲ, ಕಾಲಾವಕಾಶವನ್ನು. 2018ರಲ್ಲಿ ಇಮಾನ್ ಎಲ್ ಮ್ಯೂಶ್ ಮತ್ತು ಮೇರಿ ಡನ್ಲಪ್ ಎಂಬ ಸಂಶೋಧಕಿಯರು, ಒಂದೇ ತಾಯಿಯಿಂದ ಹುಟ್ಟಿದ ಇ. ಕೊಲೈ ಕೋಶಗಳಲ್ಲಿಯೂ ಕೆಲವಕ್ಕೆ ಪಂಪು ಹೆಚ್ಚು, ಕೆಲವಕ್ಕೆ ಕಡಿಮೆ ಇರುವುದನ್ನೂ, ಹೆಚ್ಚಿರುವಂಥವುಗಳಲ್ಲಿಯೇ ಹೊಸ ಉತ್ಪರಿವರ್ತನೆಗಳು ಅಧಿಕವಾಗಿ ಉಂಟಾಗುವುದನ್ನೂ ತೋರಿಸಿದರು. ಮರುವರ್ಷ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ರಿಶ್ಚಿಯನ್ ಲೆಸ್ಟೆರ್ಲಿನ್ ಅವರ ಬಳಗ ಇನ್ನೂ ವಿಸ್ಮಯಕರವಾದ ದೃಶ್ಯವೊಂದನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿಯಿತು. ಒಂದು ರೋಗಾಣು ತನ್ನ ನೆರೆಯದಕ್ಕೆ ಟೆಟ್ರಾಸೈಕ್ಲಿನ್ ಪಂಪಿನ ಜೀನನ್ನು ದಾನಮಾಡುತ್ತಿದೆ. ಸುತ್ತಲೂ ಟೆಟ್ರಾಸೈಕ್ಲಿನ್ ಇದೆ. ಆ ಔಷಧಿಯ ಕೆಲಸವೇ ಪ್ರೋಟೀನುಗಳ ತಯಾರಿಕೆಯನ್ನು ನಿಲ್ಲಿಸುವುದು. ಹಾಗಿರಲು ಆಗತಾನೆ ಬಂದ ಜೀನಿನಿಂದ ಹೊಸ ಪ್ರೋಟೀನು ತಯಾರಾಗುವುದಾದರೂ ಹೇಗೆ? ಹಳೆಯ ಸಾಮಾನ್ಯ ಪಂಪಾದ ಎಸಿಆರ್‌ಬಿ ಒಳಗಣ ಔಷಧಿಯನ್ನು ಅಷ್ಟು ಹೊತ್ತು ತಗ್ಗಿನ ಮಟ್ಟದಲ್ಲಿ ಹಿಡಿದಿಟ್ಟುದರಿಂದಲೇ ಅದು ಸಾಧ್ಯವಾಯಿತು. ಆ ಪಂಪನ್ನು ಕಿತ್ತುಹಾಕಿದ ಕೋಶಗಳು ದಾನವನ್ನು ಪಡೆದೂ ಪ್ರಯೋಜನವನ್ನು ಪಡೆಯಲಿಲ್ಲ. ಪ್ರಯೋಗಾಲಯದ ಕಲ್ಚರ್ ವರದಿಯಲ್ಲಿ ಔಷಧಿಯ ಹೆಸರಿನ ಮುಂದೆ ಕಾಣುವ ವಿಫಲತೆಯ ಗುರುತು ಕೊನೆಯ ಘಟ್ಟ. ಅದಕ್ಕೆ ಬಹು ಮುಂಚೆ, ಯಾವ ವರದಿಯಲ್ಲೂ ಕಾಣದಂತೆ, ಪಂಪು ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ.

ಈ ಪಂಪಿಗೇ ತಡೆಯೊಡ್ಡಬಾರದೇಕೆ ಎಂದು ಓದುಗರು ಕೇಳುವುದು ಸಹಜ. ಪ್ರಕೃತಿ ಈ ಉಪಾಯವನ್ನು ನಮಗಿಂತ ಮೊದಲೇ ಅರಿತಿದೆ. ಬರ್ಬೆರಿಸ್ ಕುಲದ ಕೆಲವು ಗಿಡಗಳು ರೋಗಾಣುಗಳನ್ನು ಕೊಲ್ಲುವ ಬರ್ಬರೀನನ್ನೂ, ಆ ಬರ್ಬರೀನನ್ನು ಹೊರನೂಕುವ ಪಂಪನ್ನು ಕಟ್ಟಿಹಾಕುವ ಇನ್ನೊಂದು ವಸ್ತುವನ್ನೂ ಒಟ್ಟಿಗೆ ತಯಾರಿಸುತ್ತವೆಂದು 2000ದಲ್ಲಿ ಗೊತ್ತಾಯಿತು. ನಮ್ಮ ಸರ್ಪಗಂಧಿಯ ಬೇರಿನಿಂದ ಬರುವ ರಿಸರ್ಪೀನ್ ಚರ್ಮದ ಕುರುಗಳನ್ನುಂಟುಮಾಡುವ ಸ್ಟ್ಯಾಫಿಲೊಕಾಕಸ್ಸಿನ ನಾರ್-ಎ ಎಂಬ ಪಂಪನ್ನು ನಿಲ್ಲಿಸುತ್ತದೆ. ಆದರೆ ಅದಕ್ಕೆ ಬೇಕಾದ ಪ್ರಮಾಣವನ್ನು ಮನುಷ್ಯನ ದೇಹ ತಾಳಲಾರದು. ಮಲೆನಾಡಿನ ತೋಟಗಳಲ್ಲಿ ಹಬ್ಬುವ ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಸಿಪ್ರೊಫ್ಲಾಕ್ಸಸಿನ್ನಿನೊಡನೆ ಸೇರಿ ಅದೇ ರೋಗಾಣುವಿನ ಮೇಲೆ ಔಷಧಿಯ ಬಲವನ್ನು ಹೆಚ್ಚಿಸುತ್ತದೆಂದು ಜಮ್ಮುವಿನ ಸಂಶೋಧಕರು 2006ರಲ್ಲಿ ತೋರಿಸಿದರು. ಮೆಣಸಿನ ಕಷಾಯವೇ ಚಿಕಿತ್ಸೆಯೆಂದು ಇದನ್ನು ಅಪಾರ್ಥ ಮಾಡಿಕೊಳ್ಳಬಾರದು. ಪ್ರನಾಳದಲ್ಲಿ ಆದುದು ದೇಹದಲ್ಲಿ ಆಗಲೇಬೇಕೆಂಬ ನಿಯಮವಿಲ್ಲ.

ನಮ್ಮ ಊರಿನಲ್ಲಿಯೇ ನಡೆದಿರುವ ಕೆಲಸವನ್ನು ಇಲ್ಲಿ ಅಭಿಮಾನದಿಂದ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಅವರು 1970ರ ದಶಕದ ಆದಿಯಲ್ಲಿ ಕಟ್ಟಿದ ಅಣುಜೀವಭೌತವಿಜ್ಞಾನ ವಿಭಾಗದಲ್ಲಿ ಇಂದು ಅರವಿಂದ್ ಪೆನ್ಮತ್ಸ ಅವರ ಬಳಗ ಸ್ಟ್ಯಾಫಿಲೊಕಾಕಸ್ಸಿನ ಪಂಪುಗಳನ್ನೇ ಆರಿಸಿಕೊಂಡು ಅಧ್ಯಯನ ಮಾಡುತ್ತಿದೆ. ನಾರ್-ಸಿ ಎಂಬ ಪಂಪಿನ ಹೊರಬಾಯಿಯನ್ನು ಒಂಟೆಯ ರಕ್ತದಿಂದ ಪಡೆದ ಪುಟ್ಟ ಪ್ರತಿಕಾಯವೊಂದು ಹೊಕ್ಕು ಬಿಗಿಹಿಡಿಯುವುದನ್ನು 2021ರಲ್ಲಿ ಅವರು ಪ್ರಕಟಿಸಿದರು. ಆಸ್ಪತ್ರೆಗಳಲ್ಲಿ ಕೈತೊಳೆಯಲೂ ಬಾಯಿ ಮುಕ್ಕಳಿಸಲೂ ಬಳಸುವ ಕ್ಲೋರ್‌ಹೆಕ್ಸಿಡಿನ್ನಿನಂಥ ಕ್ರಿಮಿನಾಶಕಗಳನ್ನು ಹೊರಹಾಕುವ ಕ್ಯೂಎಸಿ-ಎ ಎಂಬ ಪಂಪಿನ ರಚನೆಯನ್ನು 2023ರಲ್ಲಿ ಬಿಡಿಸಿದರು. ಬಳ್ಳಾರಿ ರಸ್ತೆಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿ 2014ರಲ್ಲಿ ತೊಡಗಿದ ಬಗ್‌ವರ್ಕ್ಸ್ ಎಂಬ ಸಂಸ್ಥೆಯ ದಾರಿ ಬೇರೆ: ಪಂಪನ್ನು ನಿಲ್ಲಿಸುವುದಕ್ಕೆ ಬದಲಾಗಿ, ಪಂಪಿನ ಹಿಡಿತಕ್ಕೇ ಸಿಗದಂಥ ಅಣುವನ್ನು ರೂಪಿಸುವುದು. ರೋಗಾಣುವಿನ ಡಿಎನ್‌ಎ ಸುರುಳಿಯನ್ನು ನಿರ್ವಹಿಸುವ ಎರಡು ಕಿಣ್ವಗಳಿಗೆ ಒಮ್ಮೆಗೇ ಗುರಿಯಿಡುವ ಅವರ ಅಣು ಮನುಷ್ಯರಲ್ಲಿ ನಡೆಸುವ ಮೊದಲ ಹಂತದ ಪರೀಕ್ಷೆಯವರೆಗೆ ಬಂದಿದೆ. ಇವೆಲ್ಲ ಭರವಸೆಯ ಮಾತುಗಳು. ಆದರೆ ರೋಗಾಣುವಿನ ಪಂಪಿಗೆ ತಡೆಯೊಡ್ಡುವುದಕ್ಕಾಗಿಯೇ ಅಂಗೀಕೃತವಾದ ಔಷಧಿ ಒಂದಾದರೂ ಇಂದಿಗೆ ವೈದ್ಯರ ಕೈಯಲ್ಲಿಲ್ಲ.

ಹೀಗಿರುವಾಗ, ಟೈಫಾಯ್ಡು ನೀರಿನಿಂದ ಬರುವ ರೋಗವೆಂಬುದನ್ನು ಮರೆಯುವಂತಿಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡ ಕಾವೇರಿಯ ನೀರು ಬಹುದೂರ ಹರಿದು ಚಿಕ್ಕಲಸಂದ್ರದ ಬೀದಿಗಳನ್ನು ಮುಟ್ಟುವ ವೇಳೆಗೆ, ಅದೇ ಬೀದಿಯ ಕೆಳಗೆ ಒಳಚರಂಡಿಯ ಕೊಳವೆಯೂ ಸಮೀಪದಲ್ಲಿಯೇ ಸಾಗಿರುತ್ತದೆ. ಎರಡೂ ಬಿರುಕುಬಿಟ್ಟ ದಿನ ರೋಗಾಣುವಿಗೆ ದಾರಿ ತೆರೆಯುತ್ತದೆ. ಕೊಳವೆಯನ್ನು ಸರಿಪಡಿಸುವವರು ಈ ಯುದ್ಧದಲ್ಲಿ ಔಷಧಿ ತಯಾರಿಸುವವರಿಗೆ ಯಾವ ವಿಧದಲ್ಲೂ ಕಡಿಮೆಯಲ್ಲ. ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಜ್ವರ ಮೂರು ದಿನ ಮೀರಿದರೆ ಅಂಗಡಿಯಲ್ಲಿ ಅಜಿತ್ರೋಮೈಸಿನ್ನನ್ನು ಕೇಳಬೇಡಿ; ಪಟ್ಟಿಯ ಬೆನ್ನಿನಲ್ಲಿ ಕೆಂಪು ಗೆರೆಯಿರುವುದು ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದೆಂದೇ. ಮೊದಲ ಮಾತ್ರೆಯನ್ನು ನುಂಗುವುದಕ್ಕೆ ಮುಂಚೆ ರಕ್ತದ ಕಲ್ಚರ್ ಪರೀಕ್ಷೆ ಮಾಡಿಸುವಂತೆ ವೈದ್ಯರನ್ನು ಕೇಳಿ, ಏಕೆಂದರೆ ಔಷಧಿ ಒಮ್ಮೆ ಒಳಹೊಕ್ಕ ಮೇಲೆ ರೋಗಾಣು ಪರೀಕ್ಷೆಯಲ್ಲಿ ಬೆಳೆಯುವುದೇ ಕಷ್ಟ, ಯಾವ ಔಷಧಿ ನಾಟುತ್ತದೆಂಬುದು ಆಗ ತಿಳಿಯದೆ ಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಟೈಫಾಯ್ಡಿನ ಲಸಿಕೆಯನ್ನು ಹಾಕಿಸಿ. ಹೈದರಾಬಾದಿನಲ್ಲಿ ತಯಾರಾಗಿ, 2017ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯನ್ನು ಪಡೆದ ಸಂಯುಗ್ಮ ಲಸಿಕೆಯನ್ನು ಆರು ತಿಂಗಳು ತುಂಬಿದ ಮಗುವಿಗೂ ಕೊಡಬಹುದು, ಅದಕ್ಕೆ ಬೇಕಾದುದು ಒಂದೇ ಚುಚ್ಚುಮದ್ದು.